ಮಳೆಪುಸ್ತಕದ ಬಲಪುಟ

ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಅಂಗಳದ ಮಳೆಮಾಪಕದಲ್ಲಿ 2 ಇಂಚು 35 ಸೆಂಟ್ ನೀರಿತ್ತು. ಕೊಡಗಿನ ಮಕ್ಕಳಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಇಲ್ಲಿ ಮಳೆಯನ್ನು ಈಗಲೂ ಇಂಚಿನಲ್ಲೇ ಅಳೆಯುತ್ತೇವೆ, ಒಂದು ಇಂಚಿಗೆ ನೂರು ಸೆಂಟ್. ಮಳೆಗಾಲದಲ್ಲಿ ಹುದಿಕೇರಿ ಪೇಟೆಯಲ್ಲಿ ಇಬ್ಬರು ಎದುರಾದರೆ, 'ಚೆನ್ನಾಗಿದ್ದೀರಾ?' ಎನ್ನುವುದಕ್ಕಿಂತ ಮೊದಲು 'ನಿಮ್ಮಲ್ಲಿ ಎಷ್ಟಾಯಿತು?' ಎಂದು ಕೇಳುತ್ತಾರೆ. ಕೇಳಿದ್ದು ಮಳೆಯ ಬಗ್ಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳೇ, ಒಂದು ಇಂಚು ಮಳೆ ಎಂದರೆ ಅಷ್ಟೇನಾ ಎನ್ನಬೇಡಿ. ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಆ ನೀರು ಸುಮಾರು 1 ಲಕ್ಷ 3 ಸಾವಿರ ಲೀಟರ್. ಹತ್ತು ಸಾವಿರ ಲೀಟರಿನ ದೊಡ್ಡ ಟ್ಯಾಂಕರ್ ಲಾರಿಗಳಲ್ಲಿ ತಂದು ಸುರಿದರೆ ಹತ್ತಕ್ಕಿಂತ ತುಸು ಹೆಚ್ಚೇ ಲಾರಿ ಬೇಕು.

ನಮ್ಮ ಮನೆಯಲ್ಲಿ ಮಳೆ ಬರೆದಿಡುವ ಪದ್ಧತಿ ಅಪ್ಪನ ಕಾಲದ್ದು. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಊರಿಗೆ ಬಂದಮೇಲೆ ಅದನ್ನು ನನ್ನ ಅಭ್ಯಾಸದಂತೆ ಉದ್ದನೆಯ ನಗದು ಪುಸ್ತಕಕ್ಕೆ ಏರಿಸಿದೆ. ಎಡಪುಟ ಜಮಾ, ಬಲಪುಟ ಖರ್ಚು. ಮಳೆ ಬಂದದ್ದು ಜಮಾ, ಆದ್ದರಿಂದ ಎಡಪುಟಗಳೆಲ್ಲ ತುಂಬಿವೆ.

ಕಕ್ಕಡ ಪದಿನೆಟ್ಟಕ್ಕೆ ಮದ್ದುಸೊಪ್ಪಿನ ಪಾಯಸ ತಿನ್ನಲು ಮೈಸೂರಿನಿಂದ ಬಂದಿದ್ದ ಮೊಮ್ಮಗಳು ಈ ಪುಸ್ತಕ ತಿರುವಿ ಹಾಕುತ್ತಿದ್ದಳು. ಏಳನೇ ಕ್ಲಾಸು. ಪ್ರಶ್ನೆ ಕೇಳುವುದರಲ್ಲಿ ನಮ್ಮ ಹಳೆಯ ಆಡಿಟರುಗಳನ್ನು ಮೀರಿಸುತ್ತಾಳೆ.

"ಅಜ್ಜ, ಬಲಗಡೆ ಪುಟ ಎಲ್ಲಾ ಖಾಲಿ ಯಾಕೆ?"

"ಅದು ಕಡಲಿನ ಪುಟ" ಎಂದೆ. ಬಾಯಿಗೆ ಬಂದದ್ದು ಹೇಳಿದೆ, ಅಷ್ಟೆ. ಆಮೇಲೆ ಯೋಚಿಸಿದರೆ ಅದು ಸರಿಯಾದ ಉತ್ತರವೇ ಆಗಿತ್ತು.

ಬಿ.ಕಾಂ.ನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಜೋಡಿ ನಮೂದು ಪದ್ಧತಿ. ಒಂದು ಕಡೆ ಜಮಾ ಆಗಬೇಕಾದರೆ ಇನ್ನೊಂದು ಕಡೆ ಖರ್ಚು ಬಿದ್ದಿರಲೇಬೇಕು. ಹಣ ಗಾಳಿಯಿಂದ ಬರುವುದಿಲ್ಲ. ಮಳೆ ಗಾಳಿಯಲ್ಲಿ ಬರುತ್ತದೆ, ನಿಜ, ಆದರೆ ಗಾಳಿಗೂ ಅದು ಎಲ್ಲಿಂದಲೋ ಬಂದಿರಬೇಕಲ್ಲ. ಹುದಿಕೇರಿಯಿಂದ ಹಕ್ಕಿ ಹಾರುವ ದಾರಿಯಲ್ಲಿ ಹೋದರೆ ನೂರು ಕಿಲೋಮೀಟರ್ ಆಗುವುದರೊಳಗೆ ಕಣ್ಣೂರಿನ ಕಡಲು ಸಿಗುತ್ತದೆ. ಬಿಸಿಲಿಗೆ ಕಾದ ಅರಬ್ಬಿ ಸಮುದ್ರದ ನೀರು ಆವಿಯಾಗಿ, ನೈಋತ್ಯದ ಗಾಳಿಯ ಹೆಗಲೇರಿ ಬಂದು, ಬ್ರಹ್ಮಗಿರಿ ಬೆಟ್ಟ ಅಡ್ಡ ಬಂದಾಗ ಮೇಲೇರಿ ತಣಿದು ನಮ್ಮ ಮೇಲೆ ಸುರಿಯುತ್ತದೆ. ಅದೇ ನೀರು ಲಕ್ಷ್ಮಣತೀರ್ಥ ಸೇರಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಗೆ ಕೂಡಿ, ಪೂರ್ವಕ್ಕೆ ಬಂಗಾಳ ಕೊಲ್ಲಿಯತ್ತ ಹೊರಡುತ್ತದೆ. ಒಂದು ಕಡಲು ಕೊಟ್ಟ ಸಾಲವನ್ನು ನಾವು ಇನ್ನೊಂದು ಕಡಲಿಗೆ ಕಟ್ಟುತ್ತೇವೆ. ನಾನು ಬರೆಯುವುದು ನಡುವಿನ ಒಂದು ಶಾಖೆಯ ಲೆಕ್ಕ ಮಾತ್ರ. ಮುಖ್ಯ ಕಚೇರಿಯ ಪುಸ್ತಕ ಕಡಲಿನಲ್ಲಿದೆ.

"ಆ ಪುಟ ಬರೆಯೋರು ಯಾರು?" ಎಂದು ಅವಳು ಕೇಳಿದಳು. ನಾನು ಉತ್ತರಿಸುವ ಮೊದಲೇ ಫೋನು ತೆಗೆದು ತೋರಿಸಿದಳು. ಕತ್ತಲ ನೀರಿನಲ್ಲಿ ದೀಪ ಹಿಡಿದ ಯಂತ್ರವೊಂದು ಇಳಿಯುತ್ತಿತ್ತು. ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ 'ಫಾಲ್ಕರ್ ಟೂ' ಹಡಗು. ಅದರಿಂದ 'ಸುಬಾಸ್ಟಿಯನ್' ಎಂಬ ಯಂತ್ರಮಾನವ ನಾಲ್ಕೂವರೆ ಕಿಲೋಮೀಟರ್ ಆಳದವರೆಗೂ ಇಳಿಯಬಲ್ಲದು. ಅದು ಕಂಡದ್ದನ್ನು ನಾವು ಮನೆಯಲ್ಲೇ ಕುಳಿತು ನೋಡಬಹುದು. ನಾವು ನೋಡಿದ್ದು ಐದು ನಿಮಿಷ. ಅಷ್ಟರಲ್ಲಿ ಹುದಿಕೇರಿಯ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು.

"ಎಷ್ಟು ಹೊಸ ಹಡಗು ಅಲ್ವಾ ಅಜ್ಜ!"

ಅದು ಹೊಸ ಹಡಗಲ್ಲ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅವಳಿಗೆ ಹೇಳಿದ ಕಥೆಯನ್ನೇ ಈ ವಾರ ನಿಮಗೂ ಹೇಳುತ್ತಿದ್ದೇನೆ.

ಆ ಹಡಗನ್ನು ಕಟ್ಟಿದ್ದು 2011ರಲ್ಲಿ. ಆಗ ಅದರ ಹೆಸರು 'ಪೋಲಾರ್ ಕ್ವೀನ್'. ಕಡಲಿನ ನಡುವೆ ತೈಲ ತೆಗೆಯುವ, ಗಾಳಿಯಂತ್ರ ನಿಲ್ಲಿಸುವ ಜನರಿಗೆ ನೆರವಾಗುವುದು ಅದರ ಕೆಲಸ. ಮೇಸ್ತ್ರಿಯ ಲಾರಿ ಇದ್ದ ಹಾಗೆ. ಅದನ್ನು ಕೊಂಡು, ಸ್ಪೇನಿನ ವಿಗೊ ಎಂಬ ಬಂದರಿನಲ್ಲಿ ಕಟ್ಟೆಗೆ ಏರಿಸಿ, ಒಳಗೆಲ್ಲ ಬದಲಿಸಿ, 2023ರ ಮಾರ್ಚಿನಲ್ಲಿ ವಿಜ್ಞಾನಿಗಳಿಗೆ ಬಿಟ್ಟುಕೊಟ್ಟರು. ಯಾವ ದೇಶದ ವಿಜ್ಞಾನಿಯಾದರೂ 'ನಾನು ಇಂಥದ್ದನ್ನು ಹುಡುಕಬೇಕು' ಎಂದು ಅರ್ಜಿ ಹಾಕಬಹುದು. ಆಯ್ಕೆಯಾದರೆ ಹಡಗಿಗೆ ಬಾಡಿಗೆ ಇಲ್ಲ. ಒಂದೇ ಷರತ್ತು: ಕಂಡುಕೊಂಡದ್ದನ್ನು ಬಚ್ಚಿಡದೆ ಲೋಕಕ್ಕೆಲ್ಲ ಕೊಡಬೇಕು.

ಇದಕ್ಕಿಂತ ಮೊದಲು ಅದೇ ಸಂಸ್ಥೆಯಲ್ಲಿದ್ದ 'ಫಾಲ್ಕರ್' ಹಡಗಿನದು ಇನ್ನೂ ಚೆಂದದ ಜಾತಕ. 1981ರಲ್ಲಿ ಜರ್ಮನಿಯಲ್ಲಿ ಹುಟ್ಟಿದಾಗ ಅದು 'ಸೀಫಾಲ್ಕೆ', ಮೀನುಗಾರಿಕೆಯ ಕಾವಲು ಹಡಗು. ಆ ಕೆಲಸ ಮುಗಿದಮೇಲೆ ದುರಸ್ತಿಯಾಗಿ 'ಫಾಲ್ಕರ್' ಎಂಬ ಸಂಶೋಧನಾ ಹಡಗಾಯಿತು. 2022ರಲ್ಲಿ ಅದನ್ನು ಇಟಲಿಯ ವಿಜ್ಞಾನ ಪರಿಷತ್ತಿಗೆ ದಾನ ಕೊಟ್ಟರು, ಅಲ್ಲಿ ಅದಕ್ಕೆ 'ಗಾಯಾ ಬ್ಲೂ' ಎಂದು ಹೆಸರಿಟ್ಟರು. ಒಂದೇ ಒಡಲು, ಮೂರು ಕೆಲಸ, ಮೂರು ಹೆಸರು.

ಹಾಗಾದರೆ ಹಳೆಯ ಹಡಗನ್ನು ಸಂಶೋಧನೆಗೆ ಸಿದ್ಧಮಾಡುವುದು ಹೇಗೆ? ಬಣ್ಣ ಬಳಿದರೆ ಸಾಲದು. ಮೊದಲು ಅದಕ್ಕೆ ಕಿವಿ ಬೇಕು. ಹಡಗಿನ ತಳದಲ್ಲಿ ಪ್ರತಿಧ್ವನಿ ಮಾಪಕ ಕೂರಿಸುತ್ತಾರೆ. ಅದು ಕೆಳಕ್ಕೆ ಶಬ್ದ ಕಳಿಸಿ, ತಳಕ್ಕೆ ಬಡಿದು ಮರಳಿ ಬರುವ ಸದ್ದಿಗೆ ಕಾಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಶಬ್ದ ಕಳಿಸಿ ನಾಲ್ಕು ಸೆಕೆಂಡಿಗೆ ಮರಳಿ ಬಂದರೆ ಕಡಲಿನ ಆಳ ಎಷ್ಟು? 6,000 ಎಂದು ಬರೆದವರಿಗೆ ಅರ್ಧ ಅಂಕ. ಶಬ್ದ ಹೋಗಿ ಬಂದಿದೆ, ಆದ್ದರಿಂದ ಆಳ 3,000 ಮೀಟರ್. ಈ ಕಿವಿಗೆ ತೊಂದರೆಯಾಗಬಾರದೆಂದು ಎಂಜಿನಿನ ಗದ್ದಲವನ್ನೂ ತಗ್ಗಿಸಬೇಕು.

ಆಮೇಲೆ ಕೈ ಬೇಕು. ಕಿಲೋಮೀಟರುಗಟ್ಟಲೆ ತಂತಿ ಸುತ್ತಿದ ರಾಟೆ, ಅದರ ತುದಿಗೆ ಸುತ್ತಲೂ ಬಾಟಲಿ ಜೋಡಿಸಿದ ಚೌಕಟ್ಟು. ಚೌಕಟ್ಟು ಇಳಿಯುತ್ತ ಹೋದಂತೆ ಯಾವ ಆಳದಲ್ಲಿ ನೀರು ಎಷ್ಟು ಬೆಚ್ಚಗಿದೆ, ಎಷ್ಟು ಉಪ್ಪಾಗಿದೆ ಎಂದು ಉಪಕರಣ ಬರೆದುಕೊಳ್ಳುತ್ತದೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಬಾಟಲಿಗಳ ಬಾಯಿ ಮುಚ್ಚಿ ಅಲ್ಲಿನ ನೀರು ತರುತ್ತಾರೆ. ತಂದದ್ದನ್ನು ಪರೀಕ್ಷಿಸಲು ಪ್ರಯೋಗಶಾಲೆ, ಕೆಡದಂತೆ ಇಡಲು ಶೀತಲಪೆಟ್ಟಿಗೆ ಬೇಕು. ಅಲೆಯಲ್ಲೂ ಹಡಗು ಒಂದೇ ಜಾಗದಲ್ಲಿ ನಿಲ್ಲುವ ಏರ್ಪಾಡು ಬೇಕು. ಉಪಗ್ರಹ ಇದೆಯಲ್ಲ ಎಂದು ಕೇಳಬೇಡಿ. ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ. ಕಡಲಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಲು ಯಾರಾದರೂ ಹೋಗಿ ಇಳಿಸಿ ನೋಡಬೇಕು.

ಈ ಕೆಲಸ ಪರದೇಶದವರದು ಮಾತ್ರ ಎಂದುಕೊಳ್ಳಬೇಡಿ. 1959ರಿಂದ 1965ರವರೆಗೆ ಹಿಂದೂ ಮಹಾಸಾಗರವನ್ನು ಅಳೆಯಲು ಅನೇಕ ದೇಶಗಳು ಕೈಜೋಡಿಸಿ 40ಕ್ಕೂ ಹೆಚ್ಚು ಹಡಗುಗಳನ್ನು ಕಳಿಸಿದ್ದವು. ಅದರಲ್ಲಿ ಅಮೆರಿಕದ 'ಆಂಟನ್ ಬ್ರೂನ್' ಒಂದು. ಅದು ಮೊದಲು 'ವಿಲಿಯಮ್ಸ್‌ಬರ್ಗ್' ಎಂಬ ಹೆಸರಿನಲ್ಲಿ ಅಧ್ಯಕ್ಷ ಟ್ರೂಮನ್ ಅವರ ವಿಹಾರನೌಕೆಯಾಗಿತ್ತು. ಭಾರತದ ಕಡೆಯಿಂದ ಹೋದದ್ದು ನೌಕಾಪಡೆಯ ಹಳೆಯ ಯುದ್ಧನೌಕೆ 'ಕಿಸ್ತ್ನಾ'. ಎರಡನೇ ಮಹಾಯುದ್ಧದ ಕಾಲದ ಹಡಗು, ಕೃಷ್ಣಾ ನದಿಯ ಹೆಸರನ್ನು ಇಂಗ್ಲಿಷರು ಹಾಗೆ ಬರೆದಿದ್ದರು. ಕೊಡಗಿನ ಮಕ್ಕಳಿಗೆ ಇನ್ನೊಂದು ಮಾತು: ಅದೇ ಮಾದರಿಯ, ಅದೇ ಕಾರ್ಖಾನೆಯಲ್ಲಿ ಕಟ್ಟಿದ ಅದರ ಸೋದರಿ ಹಡಗಿನ ಹೆಸರು 'ಕಾವೇರಿ'. ಶತ್ರುವನ್ನು ಹುಡುಕಲು ಕಟ್ಟಿದ ಕಿಸ್ತ್ನಾ 1962ರಿಂದ ವಿಜ್ಞಾನಿಗಳನ್ನು ಹೊತ್ತು ಕಡಲನ್ನೇ ಹುಡುಕಿತು. ಆ ಅಭಿಯಾನದ ಫಲವಾಗಿ 1966ರ ಜನವರಿ 1ರಂದು ನಮ್ಮ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಈಗ ಅದು ಗೋವಾದ ದೋನಾ ಪೌಲಾದಲ್ಲಿದೆ.

ಆ ಸಂಸ್ಥೆಗೆ 1976ರಲ್ಲಿ ಸ್ವಂತ ಹಡಗು ಬಂತು. ಹೆಸರು 'ಗವೇಷಣಿ'. ಗವೇಷಣೆ ಎಂದರೆ ಹುಡುಕಾಟ. ಆ ಪದದ ಮೂಲದಲ್ಲಿರುವುದು 'ಗೋವು'. ಕಳೆದುಹೋದ ಹಸುವನ್ನು ಹುಡುಕಿಕೊಂಡು ಹೋಗುವುದೇ ಮೊದಲ ಗವೇಷಣೆ. ಸಂಜೆ ಹಟ್ಟಿಗೆ ಬಾರದ ಹಸುವನ್ನು ಹುಡುಕಿ ಕಾಡಂಚಿನಲ್ಲಿ ಅಲೆದ ನಮ್ಮ ಕಡೆಯವರಿಗೆ ಈ ಹೆಸರು ಬೇಗ ಅರ್ಥವಾಗುತ್ತದೆ.

ಗವೇಷಣಿಯದು ಸಂಶೋಧನೆಗೆಂದೇ ರೂಪಿಸಿದ ಒಡಲಾಗಿರಲಿಲ್ಲ. ಬಂದರಿನಲ್ಲಿ ತೋಡಿದ ಹೂಳನ್ನು ಹೊತ್ತು ದೂರ ಕಡಲಿನಲ್ಲಿ ಸುರಿದು ಬರುವ ಹಾಪರ್ ಬಾರ್ಜ್ ಎಂಬ ದೋಣಿಗಳಿವೆ. ಅಂಥ ಬಾರ್ಜಿನ ಒಡಲನ್ನೇ ಕಲ್ಕತ್ತೆಯ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಮಾರ್ಪಡಿಸಿ ಮಾಡಿದ ಹಡಗು ಅದು. ಕೆಸರನ್ನು ಕಡಲಿಗೆ ಸುರಿಯುವ ಜಾತಿಯಲ್ಲಿ ಹುಟ್ಟಿ, ಕಡಲಿನ ತಳದ ಕೆಸರನ್ನು ಮೇಲೆ ತರುವ ಕೆಲಸಕ್ಕೆ ಸೇರಿತು. 1981ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಗವೇಷಣಿ ಅರಬ್ಬಿ ಸಮುದ್ರದ ತಳದಿಂದ ಆಲೂಗಡ್ಡೆಯಂಥ ಕಪ್ಪು ಲೋಹದ ಗಂಟುಗಳನ್ನು ಮೇಲೆತ್ತಿತು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುವ ಈ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಭಾರತದವರು ಅವನ್ನು ಕಡಲಿನಿಂದ ತೆಗೆದದ್ದು ಅದೇ ಮೊದಲು. ಅಲ್ಲಿಂದ ಶುರುವಾದ ಕೆಲಸದಿಂದ 1987ರಲ್ಲಿ ಹಿಂದೂ ಮಹಾಸಾಗರದ ನಡುವೆ ಒಂದೂವರೆ ಲಕ್ಷ ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕುವ ಹಕ್ಕು ನಮ್ಮ ದೇಶಕ್ಕೆ ಸಿಕ್ಕಿತು.

1981ನೇ ಇಸವಿ ನನಗೆ ನೆನಪಿರುವುದಕ್ಕೆ ಬೇರೆ ಕಾರಣವಿದೆ. ಅದನ್ನು ಹೇಳಲೋ ಬೇಡವೋ ಎಂದು ಯೋಚಿಸಿ, ಮೊಮ್ಮಗಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

ಆಗ ನಾನು ಕರಾವಳಿಯ ಒಂದು ಶಾಖೆಯಲ್ಲಿ ಗುಮಾಸ್ತ. ಒಂದು ದಿನ ಮೀನುಗಾರರೊಬ್ಬರು ಸಾಲ ಕೇಳಿಕೊಂಡು ಬಂದರು. ಹದಿನಾಲ್ಕು ವರ್ಷ ಹಳೆಯ ಮರದ ದೋಣಿ. ತಳದ ಕೆಲವು ಹಲಗೆ ಬದಲಿಸಬೇಕು, ಎಂಜಿನು ಬಿಚ್ಚಿ ಕಟ್ಟಬೇಕು. ಹೊಸ ದೋಣಿಗೆ ಬೇಕಾದ ಹಣದ ಕಾಲು ಭಾಗವೂ ಅವರಿಗೆ ಬೇಕಿರಲಿಲ್ಲ. ಟಿಪ್ಪಣಿ ಬರೆಯುವ ಕೆಲಸ ನನ್ನದು. ನಾನು ಬಿ.ಕಾಂ.ನಲ್ಲಿ ಕಲಿತ ಹಾಗೆ ಸವಕಳಿ ಲೆಕ್ಕ ಹಾಕಿದೆ. ಕೊಂಡ ಬೆಲೆ ಇಷ್ಟು, ವರ್ಷಕ್ಕೆ ಕಳೆದದ್ದು ಇಷ್ಟು, ಉಳಿದ ಬೆಲೆ ಸೊನ್ನೆ. ಸೊನ್ನೆ ಬೆಲೆಯ ಆಸ್ತಿಯ ಮೇಲೆ ಸಾಲ ಕೊಡಲಾಗದು. ಅಂಕಿ ಅಂದವಾಗಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮ್ಯಾನೇಜರ್ ಸಹಿ ಹಾಕಿದರು.

ಅವರು ಜಗಳವಾಡಲಿಲ್ಲ. "ನಿಮ್ಮ ಪುಸ್ತಕದಲ್ಲಿ ಸತ್ತಿರಬಹುದು ಸ್ವಾಮಿ, ನೀರಿನಲ್ಲಿ ಇನ್ನೂ ಸತ್ತಿಲ್ಲ. ಒಂದು ಸಲ ಬಂದು ನೋಡಿ" ಎಂದರು. ದೋಣಿ ನಿಂತಿದ್ದ ಜಾಗ ನಮ್ಮ ಶಾಖೆಯಿಂದ ಹತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ.

ಮುಂದಿನ ವರ್ಷ ಒಂದು ಸಂಜೆ ಆ ಕಡೆ ತಿರುಗಾಡಲು ಹೋದಾಗ ಅಳಿವೆಯ ದಂಡೆಯಲ್ಲಿ ಅದೇ ಸಂಖ್ಯೆಯ ದೋಣಿಯನ್ನು ಕಂಡೆ. ಒಂದು ಬದಿಯ ಹಲಗೆಗಳನ್ನು ಸೌದೆಗೆ ಕಿತ್ತಿದ್ದರು. ಅವರು ಬೇರೆಯವರ ಬೋಟಿನಲ್ಲಿ ಕೂಲಿಗೆ ಹೋಗುತ್ತಾರೆಂದು ಪಕ್ಕದ ಅಂಗಡಿಯವರು ಹೇಳಿದರು. ನಾನು ಸುಳ್ಳು ಬರೆದಿರಲಿಲ್ಲ, ನಿಯಮ ಮೀರಿರಲಿಲ್ಲ. ಆದರೂ ಆ ಎರಡು ಗೆರೆ ಎಳೆದದ್ದು ನನ್ನ ಕೈ. ಬಾರ್ಜಿನ ಒಡಲೊಂದು ಕಡಲಿನ ತಳ ಮುಟ್ಟಿದ್ದೂ ಅದೇ ವರ್ಷ ಎಂದು ಬಹಳ ಕಾಲದ ಮೇಲೆ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ.

ಹಾಗೆಂದು ಹಳೆಯದನ್ನೆಲ್ಲ ಉಳಿಸಿಕೊಳ್ಳಬೇಕು ಎಂದಲ್ಲ. ಹಡಗಿನ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಅದನ್ನು ಕಟ್ಟೆಗೆ ಏರಿಸಿ, ಉಕ್ಕಿನ ತಗಡು ಎಲ್ಲಿ ಎಷ್ಟು ಸವೆದಿದೆ ಎಂದು ಅಂಗುಲ ಅಂಗುಲವಾಗಿ ಅಳೆದು, ಪಂಪು, ಎಂಜಿನು, ಜೀವರಕ್ಷಕ ದೋಣಿ ಎಲ್ಲ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಪ್ರಮಾಣಪತ್ರ ಕೊಡುತ್ತಾರೆ. ಹಳೆಯ ಎಂಜಿನು ಎಣ್ಣೆ ಹೆಚ್ಚು ಕುಡಿಯುತ್ತದೆ. ಗವೇಷಣಿಯೂ ಎರಡು ದಶಕದ ಹತ್ತಿರ ದುಡಿದು 1990ರ ದಶಕದಲ್ಲಿ ನಿವೃತ್ತಿಯಾಯಿತು. ಹೋಗಬೇಕಾದ್ದು ಹೋಗಬೇಕು. ಆದರೆ ಆ ತೀರ್ಪು ಹಡಗನ್ನು ಹತ್ತಿ ನೋಡಿದಮೇಲೆ ಬರಬೇಕು. ಕುರ್ಚಿಯಲ್ಲಿ ಕುಳಿತು ಹಾಕಿದ ಸವಕಳಿ ಲೆಕ್ಕದಿಂದ ಅಲ್ಲ. ನಾನು ತಪ್ಪಿದ್ದು ಅಲ್ಲೇ.

ಇನ್ನು ಬಲಪುಟಕ್ಕೆ ಬರೋಣ. ನಮ್ಮ ಮಳೆಯ ಖರ್ಚಿನ ಪುಟ ಬರೆಯುವ ಹಡಗುಗಳು ನಮ್ಮಲ್ಲೇ ಇವೆ. 1983ರಲ್ಲಿ ಜರ್ಮನಿಯಿಂದ ಬಂದ 'ಸಾಗರ ಕನ್ಯಾ' ನೂರು ಮೀಟರ್ ಉದ್ದದ ಹಡಗು. ಮುಂಗಾರು ಹಿಡಿಯುವ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ, ಲಕ್ಷದ್ವೀಪದ ಸುತ್ತಮುತ್ತ ಅರಬ್ಬಿ ಸಮುದ್ರದ ನೀರು 30 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾಗುತ್ತದೆ. 2003ರಲ್ಲಿ ಈ ಬೆಚ್ಚನೆಯ ಕೊಳವನ್ನು ಅಳೆಯಲು ಹೋದದ್ದು ಸಾಗರ ಕನ್ಯಾ, ಆಗ ಅದಕ್ಕೆ ಇಪ್ಪತ್ತು ವರ್ಷ. ಕಡಲಿನ ಬಿಸಿಗೂ ಮೋಡಕ್ಕೂ ಇರುವ ನಂಟನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು: ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ದಾಟಿತೆಂದರೆ ಅದರ ಮೇಲೆ ದಟ್ಟ ಮೋಡ ಕಟ್ಟುವ ಸಾಧ್ಯತೆ ಹೆಚ್ಚು. ಅದೇ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಸಂಗಡಿಗರು 2016ರ ಮುಂಗಾರಿನಲ್ಲಿ 'ಸಿಂಧು ಸಾಧನ' ಹಡಗು ಹತ್ತಿ ಬಂಗಾಳ ಕೊಲ್ಲಿಯನ್ನು ಅಳೆದು ಬಂದರು. ಇಂಥ ಯಾನಗಳಲ್ಲಿ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳ ಜೊತೆಗೆ ಸಂಶೋಧನಾ ವಿದ್ಯಾರ್ಥಿಗಳೂ ಹೋಗುತ್ತಾರೆ. ಕಡಲು ಕಾಣದ ಊರಿನ ಮಕ್ಕಳೂ ಭೌತವಿಜ್ಞಾನವೋ ಜೀವವಿಜ್ಞಾನವೋ ಓದಿ ಅಲ್ಲಿಗೆ ತಲುಪಬಹುದು.

ಇದು ಬರಿಯ ಕುತೂಹಲದ ಮಾತಲ್ಲ. 2018ರ ಆಗಸ್ಟಿನ ಎಡಪುಟಗಳನ್ನು ಈಗಲೂ ನಾನು ತೆರೆದು ನೋಡುವುದು ಕಡಿಮೆ. ನಮ್ಮ ದಕ್ಷಿಣ ಕೊಡಗಿನಲ್ಲಿ ಆ ವರ್ಷ ಹೇಗೋ ಪಾರಾದೆವು. ಮಡಿಕೇರಿಯಾಚೆ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಮನೆ, ತೋಟ, ಜನ ಎಲ್ಲವನ್ನೂ ಎಳೆದುಕೊಂಡು ಹೋದವು. ಅಷ್ಟು ನೀರು ನಮ್ಮ ತಲೆಯ ಮೇಲೆ ಬೀಳುವ ಮೊದಲು ಕಡಲಿನಲ್ಲಿ ಏನು ನಡೆದಿರುತ್ತದೆ ಎಂಬುದು ನಮಗೆ ನಾಲ್ಕು ದಿನ ಮುಂಚೆ ಗೊತ್ತಾದರೂ ಒಂದು ಮನೆಯವರು ಗಂಟುಮೂಟೆ ಕಟ್ಟಿ ಹೊರಡಬಹುದು. ಆ ನಾಲ್ಕು ದಿನವನ್ನು ಹುಡುಕುವವರ ಕೈಗೆ ಹಡಗು ಬೇಕು. ಅದು ಹೊಸದೇ ಆಗಬೇಕೆಂದಿಲ್ಲ.

ಮೊಮ್ಮಗಳು ಹೊರಡುವ ಮುಂಚಿನ ದಿನ ನನ್ನ ಮಳೆಮಾಪಕವನ್ನು ಎತ್ತಿ ನೋಡಿ, "ಅಜ್ಜ, ಇದು ಸೋರುತ್ತೆ" ಎಂದಳು. ಅಪ್ಪನ ಕಾಲದ ತಾಮ್ರದ್ದು. ಪಕ್ಕದ ತೋಟದವರಿಗಿಂತ ನನಗೆ ದಿನವೂ ಹತ್ತು-ಹದಿನೈದು ಸೆಂಟ್ ಕಡಿಮೆ ಏಕೆ ಬರುತ್ತದೆಂದು ಆಗ ತಿಳಿಯಿತು. ಹೊಸ ಪ್ಲಾಸ್ಟಿಕ್ಕಿನದು ತರಿಸೋಣ ಎಂದು ಬಾಯಿತುದಿಗೆ ಬಂದಿತ್ತು. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಇಬ್ಬರೂ ಗೋಣಿಕೊಪ್ಪಲಿಗೆ ಬಸ್ಸು ಹತ್ತಿದೆವು. ಬೆಸುಗೆ ಹಾಕುವವರು ಅದನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, "ತಳ ಗಟ್ಟಿ ಇದೆ, ಅಂಚು ಮಾತ್ರ ಹೋಗಿದೆ" ಎಂದು ಅರ್ಧ ಗಂಟೆಯಲ್ಲಿ ಸರಿಮಾಡಿಕೊಟ್ಟರು.

ನೀವೂ ಮನೆಯಲ್ಲಿ ಮಳೆ ಅಳೆಯಿರಿ. ನೇರ ಬದಿಯ, ಸಪಾಟು ತಳದ ಡಬ್ಬಿ ಸಾಕು. ಮರ, ಸೂರು ಇಲ್ಲದ ಕಡೆ ಇಟ್ಟು, ದಿನವೂ ಒಂದೇ ಹೊತ್ತಿಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು ಬರೆದಿಡಿ. ಡಬ್ಬಿ ಸೋರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಡಪುಟದಲ್ಲಿ ಬರೆಯಿರಿ, ಬಲಪುಟ ಬಿಡಿ. ನನ್ನ ಪುಸ್ತಕದ ಬಲಪುಟದ ತಲೆಯಲ್ಲಿ ಈಗ ಪೆನ್ಸಿಲಿನಲ್ಲಿ 'ಕಡಲು' ಎಂದು ಬರೆದಿದೆ. ನನ್ನ ಅಕ್ಷರವಲ್ಲ.